ಗ್ಲಿಸರಿಲ್ ಸ್ಟಿಯರೇಟ್ ಮತ್ತು ಪೆಗ್-100 ಸ್ಟಿಯರೇಟ್: ಕ್ರೀಮಿನ ಎಣ್ಣೆ-ನೀರನ್ನು ಹಿಡಿದಿಡುವ ಜೋಡಿಯ ವಿಮರ್ಶೆ

ಮುಖಕ್ಕೋ ಕೈಗೋ ಹಚ್ಚುವ ಕ್ರೀಮಿನ ಡಬ್ಬಿ ತಿರುಗಿಸಿ ಪದಾರ್ಥಗಳ ಪಟ್ಟಿ ಓದಿ. ನೀರು, ಗ್ಲಿಸರಿನ್, ಒಂದೆರಡು ಎಣ್ಣೆಗಳ ಹೆಸರು ದಾಟಿದ ಮೇಲೆ ಗ್ಲಿಸರಿಲ್ ಸ್ಟಿಯರೇಟ್, ಪೆಗ್-100 ಸ್ಟಿಯರೇಟ್ ಎಂಬ ಎರಡು ಹೆಸರು ಅಕ್ಕಪಕ್ಕ ಸಿಗುವುದು ಬಹಳ ಸಾಮಾನ್ಯ. ಇವು ಕಚ್ಚಾಸರಕಿನ ಅಂಗಡಿಯಲ್ಲೂ ಜೋಡಿಯಾಗಿಯೇ, ಸರಿಸುಮಾರು ಅರ್ಧಕ್ಕರ್ಧ ಬೆರೆಸಿದ ಮೇಣದಂಥ ಚಕ್ಕೆ ಅಥವಾ ಮಣಿಗಳಾಗಿ ಬರುತ್ತವೆ. ವ್ಯಾಪಾರದ ಹೆಸರುಗಳು ಹಲವು. ಆರ್ಲಾಸೆಲ್ 165 ಎಂಬುದು ಹಳೆಯದು, ಅದರಿಂದಾಗಿಯೇ ಕ್ರೀಮು ಮಾಡುವವರು ಇದನ್ನು ‘165’ ಎಂದೇ ಕರೆಯುತ್ತಾರೆ. ಇದರ ಬಗ್ಗೆ ಎರಡು ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ: ಇದು ಕೆಲಸ ಮಾಡುತ್ತದೆಯೇ, ಇದರಲ್ಲಿರುವ ‘ಪೆಗ್’ (ಪಾಲಿಎಥಿಲೀನ್ ಗ್ಲೈಕಾಲ್) ಚರ್ಮಕ್ಕೆ ಅಪಾಯವೇ. ಈ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳುವುದೇ ತಪ್ಪು ಎಂಬುದು ನಮ್ಮ ಅಭಿಪ್ರಾಯ. ಎಣ್ಣೆ-ನೀರನ್ನು ಬೆರೆಸಿ ಹಿಡಿಯುವ ಇಂಥ ವಸ್ತುವಿಗೆ ಎಮಲ್ಸಿಫೈಯರ್ ಎಂದು ಹೆಸರು. ಆ ಕೆಲಸ ಸರಿಯಾಗಿ ಮಾಡದ ಎಮಲ್ಸಿಫೈಯರ್ ಎಷ್ಟು ಸೌಮ್ಯವಾಗಿದ್ದರೂ, ಅದರಿಂದಾದ ಕ್ರೀಮು ಸುರಕ್ಷಿತವಾಗಿ ಉಳಿಯುವುದಿಲ್ಲ.

ಮೊದಲು ಸರಕಿನ ಸ್ವಭಾವ. ಬಿಳಿ ಅಥವಾ ತುಸು ಕೆನೆ ಬಣ್ಣ, ಕೊಬ್ಬಿನ ಮಂದ ವಾಸನೆ, ಬೆರಳಲ್ಲಿ ಒತ್ತಿದರೆ ಪುಡಿಯಾಗುವಷ್ಟು ಗಟ್ಟಿ. ಸುಮಾರು 50ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಕರಗುತ್ತದೆ. ಜೋಡಿಯಲ್ಲಿ ಮೊದಲನೆಯದಾದ ಗ್ಲಿಸರಿಲ್ ಸ್ಟಿಯರೇಟ್ ಎಂದರೆ ಗ್ಲಿಸರಿನ್‌ಗೆ ಸ್ಟಿಯರಿಕ್ ಆಮ್ಲದ ಒಂದು ಬಾಲ ಅಂಟಿಸಿದ ವಸ್ತು. ಆಹಾರದಲ್ಲಿ ಇ471 ಎಂಬ ಸಂಖ್ಯೆಯಡಿ ಬರುವ ಗುಂಪಿನದೇ ಇದು. ಹೆಸರು ಸ್ಟಿಯರೇಟ್ ಎಂದಿದ್ದರೂ ಮಾರುಕಟ್ಟೆಯ ಸ್ಟಿಯರಿಕ್ ಆಮ್ಲದಲ್ಲಿ ಅರ್ಧದಷ್ಟು ಪಾಮಿಟಿಕ್ ಆಮ್ಲ ಇರುವುದು ಸಾಮಾನ್ಯ, ಆದ್ದರಿಂದ ತಯಾರಕರು ಬದಲಾದರೆ ಕ್ರೀಮಿನ ಗಟ್ಟಿತನವೂ ಸ್ವಲ್ಪ ಬದಲಾಗುತ್ತದೆ. ಎರಡನೆಯದರಲ್ಲಿ ಅದೇ ಬಾಲಕ್ಕೆ ನೀರನ್ನು ಪ್ರೀತಿಸುವ ಉದ್ದನೆಯ ಸರಪಳಿ ಸೇರಿದೆ. ಹೆಸರಿನಲ್ಲಿರುವ 100 ಎಂದರೆ ಆ ಸರಪಳಿಯಲ್ಲಿರುವ ಎಥಿಲೀನ್ ಆಕ್ಸೈಡ್ ಕೊಂಡಿಗಳ ಸರಾಸರಿ ಸಂಖ್ಯೆ.

ಈ ಜೋಡಿ ಏಕೆ ಬೇಕು ಎಂಬುದು ಎಚ್‌ಎಲ್‌ಬಿ ಲೆಕ್ಕದಲ್ಲಿ ಚೆನ್ನಾಗಿ ಕಾಣುತ್ತದೆ. ಒಂದು ಎಮಲ್ಸಿಫೈಯರ್ ನೀರಿನ ಕಡೆ ಎಷ್ಟು ವಾಲುತ್ತದೆ, ಎಣ್ಣೆಯ ಕಡೆ ಎಷ್ಟು ವಾಲುತ್ತದೆ ಎಂದು 0ಯಿಂದ 20ರವರೆಗೆ (ಅಂಕ ಹೆಚ್ಚಿದಷ್ಟೂ ನೀರಿನ ಕಡೆ) ಅಳೆಯುವ ಈ ಮಾನವನ್ನು ವಿಲಿಯಂ ಗ್ರಿಫಿನ್ 1949ರಲ್ಲಿ ಪ್ರಕಟಿಸಿದರು. ಪೆಗ್ ಜಾತಿಯ ವಸ್ತುಗಳಿಗೆ ಲೆಕ್ಕ ಸುಲಭ: ಒಟ್ಟು ತೂಕದಲ್ಲಿ ಸರಪಳಿಯ ಪಾಲು ಶೇಕಡಾ ಎಷ್ಟೋ ಅದನ್ನು 5ರಿಂದ ಭಾಗಿಸಿದರೆ ಸಾಕು. ಒಂದು ಕೊಂಡಿಯ ತೂಕ 44, ನೂರು ಕೊಂಡಿಗೆ 4400. ಸ್ಟಿಯರಿಕ್ ಆಮ್ಲದ್ದು 284. ಒಟ್ಟು 4684. ಸರಪಳಿಯ ಪಾಲು ಶೇ. 93.9, ಅದನ್ನು ಐದರಿಂದ ಭಾಗಿಸಿದರೆ 18.8. ಗ್ಲಿಸರಿಲ್ ಸ್ಟಿಯರೇಟಿನದು 3.8. ಅರ್ಧರ್ಧ ಬೆರೆಸಿದರೆ 11ರ ಆಸುಪಾಸು. ನೀರಿನಲ್ಲಿ ಎಣ್ಣೆಯ ಹನಿಗಳನ್ನು ತೇಲಿಸುವ ಮಾಮೂಲಿ ಕ್ರೀಮಿಗೆ ಬೇಕಾದ ಜಾಗ ಇದೇ.

ಹಾಗಾದರೆ 11 ಇರುವ ಒಂದೇ ಎಮಲ್ಸಿಫೈಯರ್ ಹಾಕಿದರೆ ಸಾಲದೇ? ಸಾಮಾನ್ಯವಾಗಿ ಜೋಡಿಯೇ ಮೇಲು. ಪೆಗ್-100ರ ನೀರಿನ ಕಡೆಯ ತಲೆ ಬಹಳ ದೊಡ್ಡದು. ಎಣ್ಣೆಹನಿಯ ಸುತ್ತ ಅವು ಮಾತ್ರ ನಿಂತರೆ ಬಾಲಗಳ ನಡುವೆ ಸಂದು ಉಳಿಯುತ್ತದೆ. ಸಣ್ಣ ತಲೆಯ ಗ್ಲಿಸರಿಲ್ ಸ್ಟಿಯರೇಟ್ ಆ ಸಂದುಗಳಲ್ಲಿ ಹೊಕ್ಕು ಪೊರೆಯನ್ನು ಬಿಗಿ ಮಾಡುತ್ತದೆ. ಹೊರಗೆ ಚಾಚಿದ ಉದ್ದ ಸರಪಳಿಗಳು ಹನಿಗಳು ಒಂದಕ್ಕೊಂದು ತಾಗದಂತೆ ದೂರ ಇಡುತ್ತವೆ. ಹನಿಗಳ ಮೇಲೆ ಜಾಗ ಸಿಗದೆ ಉಳಿದ ಗ್ಲಿಸರಿಲ್ ಸ್ಟಿಯರೇಟ್, ಕ್ರೀಮಿಗೆ ಹಾಕುವ ಮೇಣದಂಥ ಸಿಟೈಲ್ ಆಲ್ಕೊಹಾಲ್ ಜೊತೆ ಸೇರಿ ನೀರಿನಲ್ಲಿ ಪದರ ಪದರವಾಗಿ ಕಟ್ಟಿಕೊಳ್ಳುತ್ತದೆ. ಕ್ರೀಮು ‘ದಪ್ಪ’ ಅನ್ನಿಸುವುದು ಬಹುಪಾಲು ಈ ಪದರಗಳಿಂದ, ಎಣ್ಣೆಯಿಂದಲ್ಲ.

ಇದರ ದೊಡ್ಡ ಗುಣ, ವಿದ್ಯುತ್ ಅಂಶ (ಆವೇಶ) ಇಲ್ಲದ ಜಾತಿಯಾದ್ದರಿಂದ ಆಮ್ಲಕ್ಕೂ ಲವಣಕ್ಕೂ ಬೇಗ ಬಗ್ಗುವುದಿಲ್ಲ. ಪಿಎಚ್ 4ರ ಲ್ಯಾಕ್ಟಿಕ್ ಆಮ್ಲದ ಲೋಷನ್‌ನಲ್ಲೂ ಗಟ್ಟಿಯಾಗಿ ನಿಲ್ಲುತ್ತದೆ. ಇಲ್ಲಿ ಹೆಸರಿನ ಗೊಂದಲವೊಂದು ಎಷ್ಟೋ ಬ್ಯಾಚುಗಳನ್ನು ಕೆಡಿಸುತ್ತದೆ. ಅಂಗಡಿಯಲ್ಲಿ ಗ್ಲಿಸರಿಲ್ ಸ್ಟಿಯರೇಟ್ ಹೆಸರಿನಲ್ಲಿ ಮೂರು ಬೇರೆ ಬೇರೆ ಸರಕು ಸಿಗುತ್ತವೆ. ಬರೀ ಗ್ಲಿಸರಿಲ್ ಸ್ಟಿಯರೇಟ್ ತಂದರೆ ಅದರ ಎಚ್‌ಎಲ್‌ಬಿ 3.8 ಮಾತ್ರ. ಅದೊಂದರಿಂದಲೇ ಈ ಬಗೆಯ ಕ್ರೀಮು ಮಾಡಹೊರಟರೆ ಬಿಸಿಯಲ್ಲಿ ಹಾಲಿನಂತೆ ಕಂಡದ್ದು ತಣ್ಣಗಾದ ಮೇಲೆ ಒಡೆದು ನೀರು ಬಿಡುತ್ತದೆ. ಗ್ಲಿಸರಿಲ್ ಸ್ಟಿಯರೇಟ್ ಎಸ್‌ಇ ಎಂದಿದ್ದರೆ ಅದರೊಳಗೆ ಸ್ವಲ್ಪ ಸೋಪು, ಅಂದರೆ ಸೋಡಿಯಂ ಅಥವಾ ಪೊಟ್ಯಾಸಿಯಂ ಸ್ಟಿಯರೇಟ್ ಇರುತ್ತದೆ. ತಟಸ್ಥ ಪಿಎಚ್‌ನಲ್ಲಿ ಕೆಲಸ ಮಾಡುತ್ತದೆ, ಆಮ್ಲ ಹಾಕಿದ ಕೂಡಲೇ ಆ ಸೋಪು ಸ್ಟಿಯರಿಕ್ ಆಮ್ಲವಾಗಿ ಬದಲಾಗಿ ಎಮಲ್ಷನ್ (ಎಣ್ಣೆ-ನೀರಿನ ಬೆರಕೆ) ಕುಸಿಯುತ್ತದೆ. ಮೂರನೆಯದೇ ಪೆಗ್-100 ಸೇರಿದ ನಮ್ಮ ಜೋಡಿ. ನೋಡಲು ಮೂರೂ ಒಂದೇ ತರಹದ ಬಿಳಿ ಚಕ್ಕೆ, ಆದ್ದರಿಂದ ಚೀಟಿಯ ಮೇಲಿನ ಪೂರ್ತಿ ಹೆಸರು ಓದದೆ ಕೊಳ್ಳಬೇಡಿ.

ಸರಕನ್ನು ಅಳೆದು ನೋಡಲು ಅಲಂಕಾರವಿಲ್ಲದ ಒಂದು ಸೂತ್ರ ಸಾಕು. 100 ಗ್ರಾಂಗೆ ನೀರು 75.4, ಗ್ಲಿಸರಿನ್ 4, ಕ್ಸಾಂಥನ್ ಗಮ್ 0.2, ಡೈಸೋಡಿಯಂ ಇಡಿಟಿಎ 0.1, ಎಣ್ಣೆ ಭಾಗದಲ್ಲಿ ಸೂರ್ಯಕಾಂತಿ ಎಣ್ಣೆ ಅಥವಾ ಕ್ಯಾಪ್ರಿಲಿಕ್-ಕ್ಯಾಪ್ರಿಕ್ ಟ್ರೈಗ್ಲಿಸರೈಡ್ 12, ಸಿಟೈಲ್ ಆಲ್ಕೊಹಾಲ್ 2, ಈ ಎಮಲ್ಸಿಫೈಯರ್ 4, ಡೈಮೆಥಿಕೋನ್ 1, ತಣಿದ ಮೇಲೆ ವಿಟಮಿನ್ ಇ 0.3, ಫೀನಾಕ್ಸಿ ಎಥನಾಲ್-ಎಥೈಲ್‌ಹೆಕ್ಸೈಲ್ ಗ್ಲಿಸರಿನ್ ಮಿಶ್ರಣ 1. ಎಮಲ್ಸಿಫೈಯರನ್ನು ಶೇ. 2ರಿಂದ 5ರೊಳಗೆ ಇಡುವುದು ರೂಢಿ. ಎಣ್ಣೆ ಭಾಗದ ಸುಮಾರು ಕಾಲು ಪಾಲು ಎಂಬ ಅಂದಾಜಿನಿಂದ ಶುರು ಮಾಡಿ, ಆಮೇಲೆ ಅರ್ಧರ್ಧ ಶೇಕಡಾ ಇಳಿಸುತ್ತಾ ಎಲ್ಲಿ ಕೈಕೊಡುತ್ತದೆ ಎಂದು ನೋಡುವುದು ಒಳ್ಳೆಯ ದಾರಿ. ಹೆಚ್ಚು ಹಾಕಿದರೆ ಹೆಚ್ಚು ಭದ್ರ ಎಂಬ ನಂಬಿಕೆ ಇಲ್ಲಿ ನಡೆಯದು. ಶೇ. 6 ದಾಟಿದರೆ ಚರ್ಮದ ಮೇಲೆ ಮೇಣ ಸವರಿದಂತಾಗುತ್ತದೆ.

ಗ್ಲಿಸರಿನ್‌ನಲ್ಲಿ ಕ್ಸಾಂಥನ್ ಪುಡಿಯನ್ನು ಮೊದಲೇ ಕಲಸಿಕೊಳ್ಳಿ, ನೇರವಾಗಿ ನೀರಿಗೆ ಉದುರಿಸಿದರೆ ಮೀನಿನ ಕಣ್ಣಿನಂಥ ಗಂಟುಗಳಾಗುತ್ತವೆ. ಎಣ್ಣೆ ಭಾಗ, ನೀರಿನ ಭಾಗ ಎರಡನ್ನೂ ಬೇರೆ ಬೇರೆ ಬೀಕರ್‌ಗಳಲ್ಲಿ ಬಿಸಿನೀರಿನ ಪಾತ್ರೆಯೊಳಗಿಟ್ಟು 75 ಡಿಗ್ರಿಗೆ ತನ್ನಿ. ಎಣ್ಣೆ ಭಾಗ ಕನ್ನಡಿಯಂತೆ ತಿಳಿಯಾಗಬೇಕು. ತಳದಲ್ಲಿ ಒಂದೇ ಒಂದು ಚಕ್ಕೆಯ ಮಂಜು ಉಳಿದಿದ್ದರೂ ಕಾಯಿರಿ, ಅದು ಆಮೇಲೆ ಕ್ರೀಮಿನಲ್ಲಿ ಮರಳಿನ ಕಣವಾಗಿ ಸಿಗುತ್ತದೆ. ನೀರನ್ನು ತೆರೆದಿಟ್ಟು ಕಾಯಿಸಿದರೆ 100 ಗ್ರಾಂನಲ್ಲಿ ಕೆಲವು ಗ್ರಾಂ ಆವಿಯಾಗಿ ಹೋಗುತ್ತದೆ. ಬೀಕರ್‌ನ ತೂಕ ಮೊದಲೇ ಬರೆದಿಟ್ಟು, ಕಳೆದುಹೋದಷ್ಟು ಬಿಸಿನೀರನ್ನೇ ಮತ್ತೆ ಸೇರಿಸಿ. ಈ ಒಂದು ಹೆಜ್ಜೆ ಬಿಟ್ಟವರಿಗೆ ಒಂದೇ ಸೂತ್ರದಿಂದ ಒಂದು ದಿನ ಲೋಷನ್, ಇನ್ನೊಂದು ದಿನ ಬೆಣ್ಣೆ ಸಿಗುತ್ತದೆ, ಅವರು ದೂರುವುದು ಮಾತ್ರ ಎಮಲ್ಸಿಫೈಯರನ್ನು.

ಎಣ್ಣೆಯನ್ನು ನೀರಿಗೆ ಸಣ್ಣ ಧಾರೆಯಾಗಿ ಸುರಿಯುತ್ತಾ ಸ್ಟಿಕ್ ಬ್ಲೆಂಡರ್ ಓಡಿಸಿ. ಬ್ಲೆಂಡರ್‌ನ ತಲೆಯನ್ನು ಮೊದಲೇ ಓರೆಯಾಗಿ ಮುಳುಗಿಸಿ ಸಿಕ್ಕ ಗಾಳಿ ಹೊರಬಿಟ್ಟ ಮೇಲೆ ಗುಂಡಿ ಒತ್ತಿ. ಮೊದಲ ಕೆಲವು ಸೆಕೆಂಡುಗಳಲ್ಲಿ ಹಳದಿ ಎಣ್ಣೆಯ ಗೆರೆಗಳು ಕಾಣುತ್ತವೆ, ನಂತರ ಇಡೀ ಪಾತ್ರೆ ಒಮ್ಮೆಲೇ ಬಿಳಿಯಾಗುತ್ತದೆ. ಈ ಹಂತದಲ್ಲಿ ಅದು ಹಾಲಿನಷ್ಟೇ ತೆಳು. ಹೆದರಿ ಇನ್ನಷ್ಟು ಮೇಣ ಸೇರಿಸಬೇಡಿ. ಎರಡು ಮೂರು ನಿಮಿಷ ಬ್ಲೆಂಡ್ ಮಾಡಿ ನಿಲ್ಲಿಸಿ, ಮುಂದೆ ಚಮಚದಲ್ಲಿ ನಿಧಾನ ಕೈಯಾಡಿಸುತ್ತಾ ತಣಿಸಿ. 50 ಡಿಗ್ರಿಯ ಕೆಳಗೆ ಇಳಿಯುವಾಗ ಚಮಚದ ಹಿಂದೆ ಜಾಡು ಉಳಿಯತೊಡಗುತ್ತದೆ. 40 ಡಿಗ್ರಿಯಲ್ಲಿ ವಿಟಮಿನ್ ಇ, ಪ್ರಿಸರ್ವೇಟಿವ್ ಸೇರಿಸಿ. ಪೂರ್ತಿ ಗಟ್ಟಿತನ ಬರಲು ಒಂದೆರಡು ದಿನ ಬೇಕು, ಆ ಪದರಗಳು ನಿಧಾನವಾಗಿ ಕಟ್ಟಿಕೊಳ್ಳುತ್ತವೆ. ಅದೇ ಸಂಜೆಯ ದಪ್ಪ ನೋಡಿ ತೀರ್ಪು ಕೊಡುವುದು ಅವಸರ.

ತಪ್ಪಾದಾಗ ಕ್ರೀಮು ತಾನೇ ಕಾರಣ ಹೇಳುತ್ತದೆ. ಕಪ್ಪು ತಟ್ಟೆಯ ಮೇಲೆ ತೆಳ್ಳಗೆ ಸವರಿ ಬೆಳಕಿಗೆ ಹಿಡಿದಾಗ ರವೆಯಂತೆ ಕಣಗಳಿದ್ದರೆ ಎರಡು ಭಾಗಗಳ ಬಿಸಿ ಹೊಂದಿರಲಿಲ್ಲ ಎಂದರ್ಥ: 75 ಡಿಗ್ರಿಯ ಎಣ್ಣೆ 55 ಡಿಗ್ರಿಯ ನೀರಿಗೆ ಬಿದ್ದರೆ ಹನಿಯಾಗುವ ಮೊದಲೇ ಮೇಣ ಹರಳುಗಟ್ಟುತ್ತದೆ. ಕೈಯಾಡಿಸದೆ ಐಸ್ ನೀರಿನಲ್ಲಿಟ್ಟು ತಣಿಸಿದರೂ ಇದೇ ಗತಿ, ಪಾತ್ರೆಯ ಗೋಡೆಗೆ ತಾಗಿದ್ದು ಮೊದಲೇ ಗಟ್ಟಿಯಾಗುತ್ತದೆ. ಇಂಥದ್ದನ್ನು ಪ್ರಿಸರ್ವೇಟಿವ್ ಹಾಕುವ ಮೊದಲೇ ಗಮನಿಸಿದರೆ ಮತ್ತೆ 75ಕ್ಕೆ ಕಾಯಿಸಿ ಸರಿಪಡಿಸಬಹುದು. ಚರ್ಮಕ್ಕೆ ಉಜ್ಜುವಾಗ ಸೋಪಿನಂಥ ಬಿಳಿ ನೊರೆ ಗೆರೆಗಳು ಎದ್ದು ಬಹಳ ಹೊತ್ತು ಮಾಯವಾಗದಿದ್ದರೆ ಮೇಣದ ಭಾಗ ಹೆಚ್ಚಾಗಿದೆ. ಸಿಟೈಲ್ ಆಲ್ಕೊಹಾಲನ್ನು ಅರ್ಧ ಮಾಡಿ. ಸೂತ್ರದಲ್ಲಿ ಶೇ. 1ರ ಡೈಮೆಥಿಕೋನ್ ಇರುವುದೂ ಇದನ್ನು ತಡೆಯುವುದಕ್ಕೇ. ವಾರದ ಮೇಲೆ ತಳದಲ್ಲಿ ತಿಳಿನೀರಿನ ಪದರ ಕಂಡರೆ ಹನಿಗಳು ದೊಡ್ಡದಾಗಿವೆ ಅಥವಾ ನೀರಿನ ಭಾಗ ತೀರಾ ತೆಳುವಾಗಿದೆ. ಬ್ಲೆಂಡರ್‌ನ ಹೊತ್ತು ನೋಡಿ, ನಂತರ ಕ್ಸಾಂಥನ್ 0.3ಕ್ಕೆ ಏರಿಸಿ. ಮೇಲೆ ಎಣ್ಣೆಯೇ ಕಂಡರೆ ಎಮಲ್ಷನ್ ಪೂರ್ತಿ ಒಡೆದಿದೆ, ಅದನ್ನು ಕಲಕಿ ಬಳಸುವ ಮಾತೇ ಬೇಡ.

ಏಕೆ ಬೇಡ ಎಂಬುದು ಸುರಕ್ಷತೆಯ ಮೊದಲ ಪಾಠ. ಫೀನಾಕ್ಸಿ ಎಥನಾಲ್, ಪ್ಯಾರಾಬೆನ್‌ನಂಥ ಪ್ರಿಸರ್ವೇಟಿವ್‌ಗಳು ಎಣ್ಣೆಗೂ ನೀರಿಗೂ ಹಂಚಿಕೊಂಡು ನಿಲ್ಲುವಂಥವು. ಸೂಕ್ಷ್ಮಜೀವಿಗಳು ಬೆಳೆಯುವುದು ನೀರಿನಲ್ಲಿ. ಎಣ್ಣೆ ಬೇರ್ಪಟ್ಟು ಪ್ರಿಸರ್ವೇಟಿವ್‌ನ ಒಂದು ಪಾಲನ್ನು ತನ್ನ ಜೊತೆ ಹಿಡಿದುಕೊಂಡರೆ ಕೆಳಗಿನ ನೀರು ಕಾವಲಿಲ್ಲದ ಹೊಲ. ಇದಕ್ಕಿಂತ ಕಣ್ಣಿಗೆ ಕಾಣದ ಇನ್ನೊಂದು ತೊಡಕೂ ಇದೆ: ಪೆಗ್ ಜಾತಿಯ ಎಮಲ್ಸಿಫೈಯರ್‌ಗಳು ಪ್ಯಾರಾಬೆನ್ ಅಣುಗಳನ್ನು ತಮ್ಮ ಗೂಡುಗಳೊಳಗೆ ಸೆಳೆದುಕೊಳ್ಳುತ್ತವೆ. ಚೀಟಿಯಲ್ಲಿ ಬರೆದಷ್ಟು ಪ್ಯಾರಾಬೆನ್ ಡಬ್ಬಿಯಲ್ಲಿದ್ದರೂ ಕೆಲಸಕ್ಕೆ ಸಿಗುವುದು ಅದರ ಒಂದು ಪಾಲು ಮಾತ್ರ. ಪಾಲಿಸಾರ್ಬೇಟ್ 80ರಲ್ಲಿ ಇದು ಚೆನ್ನಾಗಿ ಗೊತ್ತಿರುವ ಸಂಗತಿ. ಹಾಗಾಗಿ ಮಾರಾಟಕ್ಕೆ ಮಾಡುವ ಕ್ರೀಮಿಗೆ ಬೇಕೆಂದೇ ಬ್ಯಾಕ್ಟೀರಿಯಾ, ಶಿಲೀಂಧ್ರ ಸೇರಿಸಿ 28 ದಿನ ನೋಡುವ ಚಾಲೆಂಜ್ ಟೆಸ್ಟ್ ತಪ್ಪಿಸಲೇಬಾರದು. ಪ್ರಿಸರ್ವೇಟಿವ್ ಹೆಚ್ಚಿಸುವುದಕ್ಕೂ ಮಿತಿಯಿದೆ, ಯುರೋಪಿನ ನಿಯಮದಂತೆ ಫೀನಾಕ್ಸಿ ಎಥನಾಲ್ ಶೇ. 1 ದಾಟುವಂತಿಲ್ಲ. ಮೇಲಿನ ಸೂತ್ರದ ಮಿಶ್ರಣದಲ್ಲಿ ಅದು ಸುಮಾರು 0.9.

ಇನ್ನು ‘ಪೆಗ್’ ಎಂಬ ಹೆಸರಿನ ಸುತ್ತಲಿನ ಭಯ. ಅದಕ್ಕೆ ಬುಡವಿಲ್ಲ ಎನ್ನಲಾಗದು, ಆದರೆ ಅದು ತೋರಿಸುವ ಬೆರಳು ತಪ್ಪು ಕಡೆಗಿದೆ. ಸರಪಳಿ ಕಟ್ಟಲು ಬಳಸುವ ಎಥಿಲೀನ್ ಆಕ್ಸೈಡ್ ಮನುಷ್ಯರಲ್ಲಿ ಕ್ಯಾನ್ಸರ್ ತರುವಂಥದ್ದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಗುಂಪು 1ರಲ್ಲಿ ಇಟ್ಟಿದೆ. ಆ ಕ್ರಿಯೆಯಲ್ಲಿ ಉಪಫಲವಾಗಿ ಹುಟ್ಟುವ 1,4-ಡೈಆಕ್ಸೇನ್ ಗುಂಪು 2ಬಿಯಲ್ಲಿದೆ, ಅಂದರೆ ಕ್ಯಾನ್ಸರ್ ತರಬಹುದಾದದ್ದು. ಇವು ಎಮಲ್ಸಿಫೈಯರ್‌ನ ಅಂಗಗಳಲ್ಲ, ತೊಳೆಯದೆ ಉಳಿದ ಕೊಳೆ. ತಯಾರಕರು ಕೊನೆಯ ಹಂತದಲ್ಲಿ ನಿರ್ವಾತದಲ್ಲಿ ಎಳೆದು ಇವನ್ನು ಹೊರಹಾಕುತ್ತಾರೆ, ಎಷ್ಟು ಹೊರಹಾಕಿದ್ದಾರೆ ಎಂಬುದರಲ್ಲೇ ಒಳ್ಳೆಯ ಸರಕಿಗೂ ಕೆಟ್ಟ ಸರಕಿಗೂ ವ್ಯತ್ಯಾಸ. ಕಲ್ಮಶವಾದ್ದರಿಂದ ಡಬ್ಬಿಯ ಪಟ್ಟಿಯಲ್ಲಿ ಡೈಆಕ್ಸೇನ್ ಹೆಸರು ಎಂದೂ ಕಾಣಿಸುವುದಿಲ್ಲ, ಅದನ್ನು ಕಚ್ಚಾಸರಕಿನ ಕಾಗದದಲ್ಲಿಯೇ ಹುಡುಕಬೇಕು. ಯುರೋಪಿನ ವೈಜ್ಞಾನಿಕ ಸಮಿತಿಯು 10 ಪಿಪಿಎಂವರೆಗಿನ (ಹತ್ತು ಲಕ್ಷ ಪಾಲಿನಲ್ಲಿ 10 ಪಾಲು) ಕುರುಹು ಬಳಕೆದಾರರಿಗೆ ಸುರಕ್ಷಿತ ಎಂದು 2015ರಲ್ಲಿ ಹೇಳಿತು. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಕಾನೂನು ಸೌಂದರ್ಯವರ್ಧಕಗಳಿಗೆ ಇದೇ 10 ಪಿಪಿಎಂ ಮಿತಿ ಹಾಕಿದೆ.

ಲೆಕ್ಕ ಹಾಕಿ ನೋಡಿ. ನಿಮ್ಮ ಚಕ್ಕೆಯಲ್ಲಿ 10 ಪಿಪಿಎಂ ಇದೆ ಎಂದೇ ಇಟ್ಟುಕೊಳ್ಳಿ. ಕ್ರೀಮಿಗೆ ಹಾಕುವುದು ಶೇ. 4, ಆದ್ದರಿಂದ ಕ್ರೀಮಿನಲ್ಲಿ ಉಳಿಯುವುದು 0.4 ಪಿಪಿಎಂ. ಈ ಕಾರಣಕ್ಕೇ ಡೈಆಕ್ಸೇನ್ ಚಿಂತೆ ಹೆಚ್ಚು ಹೊಂದುವುದು ಸೋಡಿಯಂ ಲಾರೆತ್ ಸಲ್ಫೇಟ್ ತುಂಬಿದ ಶಾಂಪೂಗಳಿಗೆ: ಅಲ್ಲಿ ಪದಾರ್ಥದ ಪ್ರಮಾಣವೂ ದೊಡ್ಡದು, ಸಲ್ಫೇಟ್ ಮಾಡುವ ಹಂತದಲ್ಲಿ ಡೈಆಕ್ಸೇನ್ ಇನ್ನಷ್ಟು ಹುಟ್ಟುತ್ತದೆ. ಈ ಎಮಲ್ಸಿಫೈಯರ್ ವಿಷಯದಲ್ಲಿ ನಮ್ಮ ಶರತ್ತು ಇಷ್ಟು: ಬ್ಯಾಚ್ ಸಂಖ್ಯೆ ಇರುವ ವಿಶ್ಲೇಷಣಾ ಪತ್ರದ ಜೊತೆಗೆ ಡೈಆಕ್ಸೇನ್ 10 ಪಿಪಿಎಂ ಒಳಗೆ, ಎಥಿಲೀನ್ ಆಕ್ಸೈಡ್ 1 ಪಿಪಿಎಂ ಒಳಗೆ ಎಂಬ ಲಿಖಿತ ಮಾತು ಇರಬೇಕು. ಕೊಡಲಾಗದ ವ್ಯಾಪಾರಿಯ ಬಳಿ ಬೆಲೆ ಎಷ್ಟು ಕಡಿಮೆಯಿದ್ದರೂ ಕೊಳ್ಳಬೇಡಿ. ಅದೇ ಪತ್ರದಲ್ಲಿ ಆ್ಯಸಿಡ್ ವ್ಯಾಲ್ಯೂ (ಬಿಡಿಯಾಗಿ ಉಳಿದ ಆಮ್ಲದ ಅಳತೆ) ಕೂಡ ನೋಡಿ, ಸರಕು ಹಳತಾದಂತೆ, ತೇವ ತಾಗಿದಂತೆ ಅದು ಏರುತ್ತದೆ. ಸ್ಟಿಯರಿಕ್ ಆಮ್ಲ ಪ್ರಾಣಿಯ ಕೊಬ್ಬಿನದೋ ತಾಳೆಯ ಎಣ್ಣೆಯದೋ ಎಂಬುದನ್ನೂ ಕೇಳಿ, ಹೆಸರಿನಿಂದ ತಿಳಿಯುವುದಿಲ್ಲ.

‘ಪೆಗ್ ಚರ್ಮವನ್ನು ತೆರೆದು ಬೇರೆಲ್ಲವನ್ನೂ ಒಳಗೆ ಬಿಡುತ್ತದೆ’ ಎಂಬ ಮಾತು ಸಣ್ಣ ಸರಪಳಿಯ ಪೆಗ್‌ಗಳಿಗೆ ಸ್ವಲ್ಪಮಟ್ಟಿಗೆ ಹೊಂದೀತು. ಇದರ ಅಣುತೂಕ 4684 ಎಂದು ಆಗಲೇ ಕಂಡೆವು. ಗಟ್ಟಿ ಚರ್ಮವನ್ನು ದಾಟಲು ಅಣು ಸುಮಾರು 500 ಡಾಲ್ಟನ್‌ಗಿಂತ (ಅಣುತೂಕದ ಮಾನ) ಚಿಕ್ಕದಿರಬೇಕು ಎಂಬುದು ಚರ್ಮವಿಜ್ಞಾನದಲ್ಲಿ ಒಪ್ಪಿದ ಅಂದಾಜು. ಸೌಂದರ್ಯವರ್ಧಕಗಳ ಪದಾರ್ಥಗಳನ್ನು ಪರಿಶೀಲಿಸುವ ಅಮೆರಿಕದ ಸಿಐಆರ್ ತಜ್ಞ ಮಂಡಳಿ ಗ್ಲಿಸರಿಲ್ ಸ್ಟಿಯರೇಟನ್ನು 1982ರಲ್ಲೂ ಪೆಗ್ ಸ್ಟಿಯರೇಟ್‌ಗಳನ್ನು 1983ರಲ್ಲೂ ಪರಿಶೀಲಿಸಿ ಸೌಂದರ್ಯವರ್ಧಕಗಳ ಬಳಕೆಗೆ ಸುರಕ್ಷಿತ ಎಂದಿದೆ. ಆದರೂ ತೆರೆದ ಗಾಯ, ಸುಟ್ಟ ಚರ್ಮಕ್ಕೆ ಇಂಥ ಕ್ರೀಮು ಹಚ್ಚಬೇಡಿ. ದೊಡ್ಡ ಸುಟ್ಟಗಾಯಗಳಿಗೆ ಪೆಗ್ ಆಧಾರದ ಮುಲಾಮು ಹಚ್ಚಿದ ರೋಗಿಗಳಲ್ಲಿ ಮೂತ್ರಪಿಂಡಕ್ಕೆ ಹಾನಿಯಾದದ್ದು ವೈದ್ಯಕೀಯ ದಾಖಲೆಯಲ್ಲಿದೆ. ಅಲ್ಲಿ ಮುಲಾಮಿನ ಬಹುಪಾಲು ಶುದ್ಧ ಪೆಗ್, ಇಲ್ಲಿ ಶೇ. 2ರಷ್ಟು ಪೆಗ್ ಸ್ಟಿಯರೇಟ್. ಅಂತರ ದೊಡ್ಡದು, ಆದರೆ ಚರ್ಮದ ಗೋಡೆಯೇ ಇಲ್ಲದ ಕಡೆ ಆ ಗೋಡೆಯನ್ನು ನಂಬಿದ ಲೆಕ್ಕ ನಡೆಯುವುದಿಲ್ಲ. ಪೆಗ್‌ಗೇ ಅಲರ್ಜಿ ಇದೆ ಎಂದು ವೈದ್ಯರು ಹೇಳಿದವರು ಇದರಿಂದ ದೂರ ಇರಲೇಬೇಕು. ಅಂಥವರು ಕೆಲವರೇ ಆದರೂ ಇದ್ದಾರೆ.

ಚರ್ಮವನ್ನು ನಿಜಕ್ಕೂ ಕೆಣಕುವ ಎಮಲ್ಸಿಫೈಯರ್ ಹೇಗಿರುತ್ತದೆ ಎಂದು ತಿಳಿಯಲು ‘ಎಮಲ್ಸಿಫೈಯಿಂಗ್ ವ್ಯಾಕ್ಸ್’ ನೋಡಿ. ಅಮೆರಿಕದ ಮಾನದಂಡದ ಎನ್‌ಎಫ್ ವ್ಯಾಕ್ಸ್‌ನಲ್ಲಿ ಸಿಟೊಸ್ಟಿಯರೈಲ್ ಆಲ್ಕೊಹಾಲ್ ಜೊತೆ ಪೆಗ್ ಜಾತಿಯ ಪಾಲಿಸಾರ್ಬೇಟ್ ಇರುತ್ತದೆ. ಬ್ರಿಟನ್ನಿನ ಬಿಪಿ ವ್ಯಾಕ್ಸ್‌ನಲ್ಲಿ ಹತ್ತರಲ್ಲಿ ಒಂದು ಪಾಲು ಸೋಡಿಯಂ ಲಾರಿಲ್ ಸಲ್ಫೇಟ್. ಅದರಿಂದ ಮಾಡುವ ಏಕ್ವಿಯಸ್ ಕ್ರೀಮಿನಲ್ಲಿ ಲಾರಿಲ್ ಸಲ್ಫೇಟ್ ಸುಮಾರು ಶೇ. 1 ಉಳಿಯುತ್ತದೆ. ಎಕ್ಸಿಮಾ ಇರುವವರಲ್ಲಿ, ಅದರಲ್ಲೂ ಮಕ್ಕಳಲ್ಲಿ, ಅದನ್ನು ತೊಳೆಯದೆ ಹಚ್ಚಿಟ್ಟರೆ ಉರಿ ತರಬಹುದೆಂದು ಬ್ರಿಟನ್ನಿನ ಔಷಧ ನಿಯಂತ್ರಕರು 2013ರಲ್ಲಿ ಎಚ್ಚರಿಸಿದರು. ಪೆಗ್ ಎಂಬ ಮೂರಕ್ಷರ ನೋಡಿ ಬೆಚ್ಚಿ, ‘ಪೆಗ್ ಇಲ್ಲ’ ಎಂಬ ಬರಹ ನಂಬಿ ಸಲ್ಫೇಟ್ ವ್ಯಾಕ್ಸಿಗೆ ಹೋದರೆ ಚರ್ಮಕ್ಕೆ ನಷ್ಟವೇ.

ಮೊಡವೆಯ ಅಂಕಗಳ ಬಗ್ಗೆ ಒಂದು ಮಾತು. ಯಾವ ಪದಾರ್ಥ ರಂಧ್ರ ಮುಚ್ಚುತ್ತದೆ ಎಂದು 0ಯಿಂದ 5ರವರೆಗೆ ಅಂಕ ಕೊಡುವ ಪಟ್ಟಿಗಳ ಮೂಲ ಬಹುಪಾಲು ಮೊಲದ ಕಿವಿಯ ಪ್ರಯೋಗಗಳು. ಮೊಲದ ಕಿವಿ ಮನುಷ್ಯರ ಮುಖಕ್ಕಿಂತ ಬೇಗ ಕೆರಳುತ್ತದೆ, ಅದಕ್ಕೆ ಹಚ್ಚಿದ್ದು ಬಿಡಿ ಪದಾರ್ಥ. ಶೇ. 4ರ ಎಮಲ್ಸಿಫೈಯರ್‌ಗೆ ಆ ಅಂಕವನ್ನು ಅಂಟಿಸಿ ಕ್ರೀಮನ್ನು ತಳ್ಳಿಹಾಕುವುದು ಸರಿಯಲ್ಲ. ಮುಂಗೈಯ ಒಳಭಾಗದಲ್ಲಿ ದಿನಕ್ಕೆರಡು ಸಲದಂತೆ ಒಂದು ವಾರ ಹಚ್ಚಿ ನೋಡಿದರೆ ನಿಮ್ಮ ಚರ್ಮದ ಉತ್ತರ ಸಿಗುತ್ತದೆ.

ಮುಗಿದ ಕ್ರೀಮನ್ನು ಪರೀಕ್ಷಿಸದೆ ಹಂಚಬೇಡಿ. ಒಂದು ಲೋಟ ನೀರಿಗೆ ಚಿಟಿಕೆ ಕ್ರೀಮು ಬಿಟ್ಟು ಕಲಕಿದಾಗ ಹಾಲಿನ ಮೋಡದಂತೆ ಹರಡಿದರೆ ಹೊರಗಿನ ಭಾಗ ನೀರೇ ಎಂದು ಖಾತ್ರಿ, ಮುದ್ದೆಯಾಗಿ ತೇಲಿದರೆ ಎಮಲ್ಷನ್ ತಲೆಕೆಳಗಾಗಿದೆ, ಅಂದರೆ ಹೊರಗೆ ಎಣ್ಣೆ, ಒಳಗೆ ನೀರು. ಒಂದು ಡಬ್ಬಿಯನ್ನು 40ರಿಂದ 45 ಡಿಗ್ರಿಯಲ್ಲಿ ಕನಿಷ್ಠ ನಾಲ್ಕು ವಾರ, ಮಾರಾಟದ್ದಾದರೆ ಮೂರು ತಿಂಗಳು ಇಡಿ. ಇನ್ನೊಂದನ್ನು ಒಂದು ದಿನ ಫ್ರೀಜರ್‌ನಲ್ಲಿ, ಮರುದಿನ ಹೊರಗೆ, ಹೀಗೆ ಮೂರು ಸುತ್ತು ಹಾಕಿ. ಪಿಎಚ್ ಮೊದಲ ದಿನ ಎಷ್ಟಿತ್ತು, ಕೊನೆಗೆ ಎಷ್ಟಾಯಿತು ಎಂದು ಬರೆದಿಡಿ. ಈ ಜೋಡಿ ಇಂಥ ಪರೀಕ್ಷೆಗಳಲ್ಲಿ ಆರಂಭದಲ್ಲಿರುವವರ ಕೈಯಲ್ಲೂ ಗೆಲ್ಲುತ್ತದೆ, ನಾವು ಇದಕ್ಕೆ ಹೆಚ್ಚಿನ ಅಂಕ ಕೊಡುವುದು ಅದಕ್ಕಾಗಿಯೇ.

ಕಾಸ್ಮೊಸ್ ನೈಸರ್ಗಿಕ ಪ್ರಮಾಣಪತ್ರ ಬೇಕಿದ್ದವರಿಗೆ ಇದು ಆಗುವುದಿಲ್ಲ, ಆ ನಿಯಮ ಪೆಗ್ ಜಾತಿಯನ್ನು ಒಪ್ಪುವುದಿಲ್ಲ. ಅವರಿಗೆ ಸಿಟಿಯರೈಲ್ ಆಲಿವೇಟ್-ಸಾರ್ಬಿಟನ್ ಆಲಿವೇಟ್ ಜೋಡಿ ಹೊಂದುತ್ತದೆ. ಚರ್ಮದ ಮೇಲೆ ಅದರ ಸ್ಪರ್ಶ ಇದಕ್ಕಿಂತ ಹಿತ ಎಂದೇ ಹೇಳಬೇಕು, ಆದರೆ ಬಿಸಿ ಮತ್ತು ಬ್ಲೆಂಡಿಂಗ್ ವಿಷಯದಲ್ಲಿ ಅದು ಕ್ಷಮಿಸುವುದು ಕಡಿಮೆ. ಕೂದಲಿನ ಕಂಡಿಷನರ್‌ಗೂ 165 ಸರಿಯಾದ ಆಯ್ಕೆಯಲ್ಲ: ವಿದ್ಯುತ್ ಅಂಶ ಇಲ್ಲದ್ದರಿಂದ ಕೂದಲಿಗೆ ಅಂಟಿ ನಿಲ್ಲುವುದಿಲ್ಲ, ಅಲ್ಲಿ ಧನ ಆವೇಶವಿರುವ ಬಿಹೆನ್‌ಟ್ರೈಮೋನಿಯಂ ಜಾತಿಯೇ ಬೇಕು.

ಚಕ್ಕೆಗಳನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಬೆಳಕು ತಾಗದ ತಂಪಾದ ಕಡೆ ಇಡಿ. ಪೆಗ್ ಸರಪಳಿಗಳು ಗಾಳಿಯ ಆಮ್ಲಜನಕದ ಜೊತೆ ನಿಧಾನವಾಗಿ ಸೇರಿ ಪೆರಾಕ್ಸೈಡ್, ಫಾರ್ಮಾಲ್ಡಿಹೈಡ್‌ನಂಥ ಚರ್ಮ ಕೆರಳಿಸುವ ವಸ್ತುಗಳನ್ನು ಹುಟ್ಟಿಸುತ್ತವೆ. ಚೀಲ ತೆರೆದ ದಿನಾಂಕವನ್ನು ಡಬ್ಬಿಯ ಮೇಲೆ ಬರೆಯಿರಿ. ಚಕ್ಕೆ ಹಳದಿಗೆ ತಿರುಗಿದ್ದರೆ, ಮೂಸಿದಾಗ ಹಳೆಯ ಎಣ್ಣೆಯ ಕಮಟು ಬಂದರೆ, ಅವಧಿ ಇನ್ನೂ ಮುಗಿದಿಲ್ಲ ಎಂದು ಚೀಟಿ ಹೇಳಿದರೂ ಎಸೆದುಬಿಡಿ.